ಬೂಮ್ ಲಿಫ್ಟ್ ಮೇಲೆ ಹೋದವರ ಜೀವ ಕೆಳಗೆ ನಿಂತವರ ಕೈಯಲ್ಲಿ

ಸೈಟ್‌ಗೆ ಬೂಮ್ ಲಿಫ್ಟೋ (ಉದ್ದ ತೋಳಿನ ತುದಿಯ ಬಾಸ್ಕೆಟ್‌ನಲ್ಲಿ ಜನರನ್ನ ಮೇಲೆತ್ತೋ ಯಂತ್ರ) ಸಿಸರ್ ಲಿಫ್ಟೋ (ಕತ್ತರಿ ಹಾಗೆ ಮಡಚಿ ಬಿಚ್ಚೋ ಕಾಲುಗಳ ಮೇಲೆ ನೆಟ್ಟಗೆ ಏರೋ ಯಂತ್ರ) ಬಂತು ಅಂದ್ರೆ ಸೇಫ್ಟಿ ಮಾತೆಲ್ಲ ಮೇಲೆ ಹೋಗೋರ ಬಗ್ಗೆನೇ ಇರತ್ತೆ. ಹೆಲ್ಮೆಟ್ ಇದೆಯಾ, ಹಾರ್ನೆಸ್ (ಮೈಗೆ ಕಟ್ಟೋ ಸೇಫ್ಟಿ ಬೆಲ್ಟ್) ಹಾಕಿದಾರಾ, ಟ್ರೈನಿಂಗ್ ಕಾರ್ಡ್ ಇದೆಯಾ, ಇಷ್ಟು ನೋಡಿ ಪರ್ಮಿಟ್‌ಗೆ ಸಹಿ ಹಾಕಿ ಕಳಿಸಿಬಿಡ್ತಾರೆ. ಕೆಳಗೆ ಯಾರಿರ್ತಾರೆ, ಮೇಲಿರೋರಿಗೆ ಏನಾದ್ರೂ ಆದ್ರೆ ಆ ಬಾಸ್ಕೆಟ್ ಇಳಿಸೋಕೆ ಅವರಿಗೆ ಬರುತ್ತಾ ಅಂತ ಕೇಳೋರು ತುಂಬಾ ಕಮ್ಮಿ. ಈ ಯಂತ್ರಗಳ ಕೆಲಸದಲ್ಲಿ ಜೀವ ತೆಗೆಯೋ ಕೊರತೆ ಇದೇ ಅಂತ ನನಗೆ ಬಲವಾಗಿ ಅನ್ಸುತ್ತೆ, ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೊದಲು ಒಂದು ಮಾತು ಒಪ್ಕೋಬೇಕು, ಎತ್ತರದ ಕೆಲಸಕ್ಕೆ ಏಣಿ ಇಟ್ಕೊಂಡು ಹತ್ತೋದಕ್ಕಿಂತ ಇವು ಎಷ್ಟೋ ಪಾಲು ವಾಸಿ. ಸುತ್ತ ರೇಲಿಂಗ್ ಇರತ್ತೆ, ಎರಡೂ ಕೈ ಫ್ರೀ ಇರತ್ತೆ, ಸಾಮಾನು ಜೊತೆಗೇ ಬರತ್ತೆ. ಅದಕ್ಕೇ ಗೋದಾಮು, ಕಾರ್ಖಾನೆ, ಕಟ್ಟಡ, ಮರ ಕಡಿಯೋ ಕೆಲಸ, ಸಿನಿಮಾ ಸೆಟ್ಟು ಎಲ್ಲಾ ಕಡೆ ಬಂದಿವೆ, ಬಹುಪಾಲು ಬಾಡಿಗೆ ಮೇಲೆ. ತೊಂದರೆ ಶುರುವಾಗೋದೂ ಅಲ್ಲೇ. ಲಾರಿಯಿಂದ ಗಾಡಿ ಇಳಿಸೋಕೆ ಬಂದವರು ಹತ್ತು ನಿಮಿಷ ಲಿವರ್ ತೋರಿಸಿ ಹೋಗ್ತಾರೆ, ಆ ಹತ್ತು ನಿಮಿಷವೇ ಟ್ರೈನಿಂಗ್ ಅಂತ ರಿಜಿಸ್ಟರ್‌ಗೆ ಏರತ್ತೆ, ಮಾರನೇ ದಿನ ಆ ಲಿವರ್ ನೋಡಿದವರು ಇನ್ನೊಂದು ಸೈಟಲ್ಲಿರ್ತಾರೆ, ನೋಡದೇ ಇರೋರು ಬಾಸ್ಕೆಟ್ ಹತ್ತಿರ್ತಾರೆ.

ಈ ಯಂತ್ರಗಳ ಉದ್ಯಮದ ಅಂತಾರಾಷ್ಟ್ರೀಯ ಸಂಸ್ಥೆ ಐಪಾಫ್ 2012ರಿಂದ ಅಪಘಾತದ ವರದಿಗಳನ್ನ ಜಗತ್ತಿನ ಬೇರೆ ಬೇರೆ ದೇಶಗಳಿಂದ ಸಂಗ್ರಹಿಸ್ತಾ ಬಂದಿದೆ. ಅದರಲ್ಲಿ ಸಾವಿನ ಕಾರಣಗಳಾಗಿ ವರ್ಷ ವರ್ಷ ತಿರುಗಿ ಬರೋವು ಹೆಚ್ಚು ಕಮ್ಮಿ ಅವೇ: ಬಾಸ್ಕೆಟ್‌ನಿಂದ ಬೀಳೋದು, ಕರೆಂಟ್ ಹೊಡೆಯೋದು, ಯಂತ್ರ ಮಗುಚೋದು, ಮೇಲಿನ ತೊಲೆಗೋ ಪೈಪಿಗೋ ಮಧ್ಯೆ ಸಿಕ್ಕಿ ಜಜ್ಜಿಹೋಗೋದು, ಬೇರೆ ವಾಹನ ಬಂದು ಗುದ್ದೋದು. ಇವನ್ನ ಒಂದೊಂದಾಗಿ ಬಿಡಿಸಿ ನೋಡಿದ್ರೆ ಗೊತ್ತಾಗತ್ತೆ, ಬಹಳಷ್ಟು ಸಲ ಅಪಘಾತಕ್ಕೆ ದಾರಿ ಆಗೋದು ಬಾಸ್ಕೆಟ್ ನೆಲದಲ್ಲಿರುವಾಗಲೇ, ಅಪಘಾತ ಆದಮೇಲೆ ಮನುಷ್ಯ ಉಳಿಯೋದೂ ನೆಲದಲ್ಲಿರೋರಿಂದಲೇ.

ಸಿಕ್ಕಿಹಾಕ್ಕೊಳ್ಳೋ ವಿಷಯ ಮೊದಲು ತಗೊಳ್ಳೋಣ, ಯಾಕಂದ್ರೆ ಇದು ಹೇಗಾಗತ್ತೆ ಅಂತ ಹೊರಗಿನವರಿಗೆ ಊಹೆನೂ ಇರಲ್ಲ. ಒಬ್ಬರು ಬೂಮ್ ಲಿಫ್ಟ್‌ನ ಬಾಸ್ಕೆಟ್‌ನಲ್ಲಿ ನಿಂತು ಕಬ್ಬಿಣದ ತೊಲೆಗಳ ಮಧ್ಯೆ ಮೇಲೆ ಹೋಗ್ತಿದಾರೆ ಅಂದ್ಕೊಳ್ಳಿ. ಕಣ್ಣು ಎಡಗಡೆ ಪೈಪ್ ಮೇಲಿದೆ, ಅದಕ್ಕೆ ತಾಗದೇ ಇರ್ಲಿ ಅಂತ. ಬೆನ್ನ ಹಿಂದೆ ತಲೆಯಿಂದ ಒಂದಡಿ ಮೇಲೆ ಇನ್ನೊಂದು ತೊಲೆ ಇರೋದು ಕಂಡಿಲ್ಲ. ಬಾಸ್ಕೆಟ್ ಏರಿದಾಗ ಆ ತೊಲೆ ಹೆಗಲಿಗೋ ಬೆನ್ನಿಗೋ ಸಿಗತ್ತೆ, ಮನುಷ್ಯ ಮುಂದಕ್ಕೆ ಬಗ್ತಾರೆ, ಮುಂದೆ ಇರೋದು ಕಂಟ್ರೋಲ್ ಪ್ಯಾನೆಲ್, ಎದೆ ಹೋಗಿ ಜಾಯ್‌ಸ್ಟಿಕ್ ಮೇಲೆ ಕೂರತ್ತೆ. ಕಾಲು ಫುಟ್ ಸ್ವಿಚ್ ಮೇಲೇ ಇದೆ, ತೆಗೆಯೋಕೆ ಆಗ್ತಿಲ್ಲ, ಯಾಕಂದ್ರೆ ಮೈಯೆಲ್ಲ ಒತ್ತಿಹೋಗಿದೆ. ಯಂತ್ರಕ್ಕೆ ಗೊತ್ತಿರೋದು ಫುಟ್ ಸ್ವಿಚ್ ಒತ್ತಿದೆ, ಜಾಯ್‌ಸ್ಟಿಕ್ ತಳ್ಳಿದೆ, ಅಂದ್ರೆ ಮೇಲೆ ಹೋಗು ಅಂತ. ಅದು ಹೋಗ್ತಾನೇ ಇರತ್ತೆ. ಯಂತ್ರ ಕೆಟ್ಟಿಲ್ಲ, ಕೊಟ್ಟ ಆಜ್ಞೆ ಪಾಲಿಸ್ತಿದೆ ಅಷ್ಟೇ. ಎದೆ ಒತ್ತಿದೆ, ಉಸಿರು ತಗೊಳ್ಳೋಕೆ ಜಾಗ ಇಲ್ಲ, ಕೂಗೋಕೂ ಆಗಲ್ಲ, ಕೆಳಗಿರೋರು ತಲೆ ಎತ್ತಿ ನೋಡದಿದ್ರೆ ಏನೋ ಆಗಿದೆ ಅನ್ನೋದೇ ತಿಳಿಯಲ್ಲ.

ಇದಕ್ಕೆ ಈಗ ಹೆಚ್ಚುವರಿ ರಕ್ಷಣೆ ಬಂದಿದೆ. ಪ್ಯಾನೆಲ್ ಮುಂದೆ ಒಂದು ಬಾರೋ ವೈರೋ ಇರತ್ತೆ, ಮೈ ಅದಕ್ಕೆ ಒತ್ತಿದ ತಕ್ಷಣ ಚಲನೆ ನಿಲ್ಲತ್ತೆ, ಅಲಾರಂ ಹೊಡೆಯತ್ತೆ, ಜೆಎಲ್‌ಜಿ ಕಂಪನಿದು ಸ್ಕೈಗಾರ್ಡ್, ಜೀನಿದು ಲಿಫ್ಟ್ ಗಾರ್ಡ್, ಹೀಗೆ ಒಬ್ಬೊಬ್ಬರದು ಒಂದೊಂದು ಹೆಸರು. ಒಳ್ಳೆ ವ್ಯವಸ್ಥೆ, ತಲೆ ಮೇಲೆ ಏನಾದ್ರೂ ಇರೋ ಕಡೆ ಕೆಲಸ ಅಂದ್ರೆ ಇದು ಇರೋ ಗಾಡಿನೇ ಬೇಕು ಅಂತ ಬಾಡಿಗೆಗೆ ಕೇಳುವಾಗಲೇ ಹೇಳಬೇಕು. ಆದ್ರೆ ಯಂತ್ರ ನಿಂತ ಮಾತ್ರಕ್ಕೆ ಸಿಕ್ಕಿದವರು ಬಿಡಿಸ್ಕೊಂಡು ಬರಲ್ಲ. ಪ್ರಜ್ಞೆ ತಪ್ಪಿದ್ರೆ, ಕೈ ಆಡದಿದ್ರೆ, ಅವರನ್ನ ಇಳಿಸಬೇಕಾದವರು ಕೆಳಗಿನವರೇ, ಇರೋ ಟೈಮು ಕೆಲವೇ ನಿಮಿಷ. ಆಂಬುಲೆನ್ಸೋ ಅಗ್ನಿಶಾಮಕದವರೋ ಬರೋವರೆಗೂ ಕಾಯೋ ವಿಷಯ ಅಲ್ಲ ಇದು.

ಪ್ರತಿ ಯಂತ್ರದ ಬುಡದಲ್ಲೂ ಇದಕ್ಕಂತಲೇ ಒಂದು ಗ್ರೌಂಡ್ ಕಂಟ್ರೋಲ್ ಇರತ್ತೆ. ಬೂಮ್ ಲಿಫ್ಟ್‌ನಲ್ಲಿ ಸಾಮಾನ್ಯವಾಗಿ ಟರೆಟ್ (ಬೂಮ್ ಹೊತ್ತು ತಿರುಗೋ ಬುಡದ ಭಾಗ) ಪಕ್ಕದಲ್ಲಿ, ಕೀ ಸ್ವಿಚ್‌ನ ಬಾಸ್ಕೆಟ್ ಕಡೆಯಿಂದ ನೆಲದ ಕಡೆಗೆ ತಿರುಗಿಸಿದ್ರೆ ಮೇಲಿನ ಪ್ಯಾನೆಲ್‌ನ ಅಧಿಕಾರ ಹೋಗಿ ಕೆಳಗೆ ಬರತ್ತೆ. ಎಂಜಿನ್ ನಿಂತ್ರೂ ಇಳಿಸೋಕೆ ಬ್ಯಾಟರಿ ಮೇಲೆ ಓಡೋ ಸಹಾಯಕ ಪಂಪ್ ಇರತ್ತೆ, ಸಿಸರ್ ಲಿಫ್ಟ್‌ನಲ್ಲಿ ಎಳೆದ್ರೆ ಭಾರಕ್ಕೇ ಇಳಿಯೋ ಎಮರ್ಜೆನ್ಸಿ ನಾಬ್ ಇರತ್ತೆ. ಎಲ್ಲಾ ಇದೆ. ಆದ್ರೆ ಕೀ ಎಲ್ಲಿ? ಬೇರೆಯವರು ಮುಟ್ಟದೇ ಇರ್ಲಿ ಅಂತ ಸೂಪರ್‌ವೈಸರ್ ಜೇಬಲ್ಲಿ. ಪ್ಯಾನೆಲ್ ಎಲ್ಲಿ? ಗಾಡಿನ ಗೋಡೆಗೆ ಒತ್ತಿ ನಿಲ್ಲಿಸಿರೋದ್ರಿಂದ ಗೋಡೆ ಕಡೆಗೆ, ಕೈ ಹೋಗಲ್ಲ. ಮೇಲೆ ಮನುಷ್ಯ ಇದ್ದಷ್ಟು ಹೊತ್ತೂ ಕೀ ಗ್ರೌಂಡ್ ಕಂಟ್ರೋಲ್‌ನ ಸ್ವಿಚ್‌ಗೇ ಸಿಕ್ಕಿಸಿರಬೇಕು, ಅದರ ಮುಂದೆ ಒಬ್ಬರು ನಿಲ್ಲೋಷ್ಟು ಜಾಗ ಖಾಲಿ ಇರಬೇಕು, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯಲ್ಲ. ಬೂಮ್ ಇಳಿಸು ಅಂತ ಬಟನ್ ಒತ್ತಿದ್ರೆ ಬಾಸ್ಕೆಟ್ ನೆಟ್ಟಗೆ ಕೆಳಗೆ ಬರಲ್ಲ. ಬೂಮ್ ಬುಡದಲ್ಲಿ ಕೀಲು ಇರೋದ್ರಿಂದ ಅದು ಕಮಾನಿನ ದಾರಿಯಲ್ಲಿ ಬರತ್ತೆ, ಕೆಳಗೆ ಬರ್ತಾ ಬರ್ತಾ ಯಂತ್ರದಿಂದ ದೂರಕ್ಕೂ ಹೋಗತ್ತೆ. ಆಚೆ ಬದಿ ಗೋಡೆ ಇದ್ರೆ, ಅಥವಾ ಬಾಸ್ಕೆಟ್‌ನ ಅಡಿಭಾಗವೇ ತೊಲೆ ಮೇಲೆ ಬಂದು ಕೂತಿದ್ರೆ, ಗಾಬರಿಯಲ್ಲಿ ಒತ್ತಿದ ಆ ಬಟನ್ ಸಿಕ್ಕಿದವರನ್ನ ಇನ್ನೂ ಬಿಗಿಯಾಗಿ ಒತ್ತತ್ತೆ. ಕೆಲವು ಸಲ ಮೊದಲು ಟೆಲಿಸ್ಕೋಪ್ (ಬೂಮ್‌ನ ಹೊರಗೆ ಚಾಚೋ ಭಾಗ) ಒಳಗೆಳೀಬೇಕು, ಕೆಲವು ಸಲ ಜಿಬ್ (ತುದಿಯ ಸಣ್ಣ ತೋಳು) ಆಡಿಸಬೇಕು, ಕೆಲವು ಸಲ ಹೋದ ದಾರಿಯಲ್ಲೇ ಉಲ್ಟಾ ಬರಬೇಕು. ಹೋದ ದಾರಿ ಯಾವುದು ಅಂತ ಗೊತ್ತಿರೋದು ಅದು ಹೋಗುವಾಗ ನೋಡ್ತಾ ನಿಂತಿದ್ದವರಿಗೆ ಮಾತ್ರ. ಅದಕ್ಕೇ ಕೆಳಗೆ ಯಾರೋ ಒಬ್ಬರು ಇದಾರೆ ಅನ್ನೋದು ಸಾಲದು, ಆ ಯಂತ್ರ ನಡೆಸೋಕೆ ಕಲಿತ, ಬೇರೆ ಕೆಲಸ ಹಚ್ಚದ, ಕಣ್ಣು ಮೇಲಿಟ್ಟ ಒಬ್ಬರು ಬೇಕು.

ಬೀಳೋ ವಿಷಯಕ್ಕೆ ಬಂದ್ರೆ, ಬೂಮ್ ಲಿಫ್ಟ್‌ನಲ್ಲಿ ರೇಲಿಂಗ್ ಇದ್ರೂ ಹಾರ್ನೆಸ್ ಯಾಕೆ ಅಂತ ಕೇಳೋರಿಗೆ ಒಂದು ಲೆಕ್ಕ. ಎರಡು ಚಕ್ರದ ಮಧ್ಯೆ ಎರಡೂವರೆ ಮೀಟರ್ ಅಂತರ ಇರೋ ಯಂತ್ರ, ಬಾಸ್ಕೆಟ್ 20 ಮೀಟರ್ ಮೇಲೆ. ಓಡಿಸ್ಕೊಂಡು ಹೋಗುವಾಗ ಒಂದು ಚಕ್ರ 10 ಸೆಂಟಿಮೀಟರ್ ಗುಂಡಿಗೆ ಇಳೀತು. ಬರೀ ವಾಲಿದ್ದಕ್ಕೇ ಮೇಲೆ ಬಾಸ್ಕೆಟ್ ಸುಮಾರು 80 ಸೆಂಟಿಮೀಟರ್ ಪಕ್ಕಕ್ಕೆ ಸರಿಯತ್ತೆ, ಅದೂ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ, ಜೊತೆಗೆ ಉದ್ದದ ಬೂಮ್ ಬಳುಕಿ ವಾಪಸ್ ಜಗ್ಗತ್ತೆ, ಕವಣೆ ಕಲ್ಲಿನ ಹಾಗೆ ಮನುಷ್ಯ ರೇಲಿಂಗ್ ದಾಟಿ ಎಗರಿ ಹೋಗ್ತಾರೆ. ಅದಕ್ಕೆ ಹಾರ್ನೆಸ್ ಇರಬೇಕು, ಅದನ್ನ ಬಾಸ್ಕೆಟ್‌ಗೆ ಕಟ್ಟೋ ಹಗ್ಗ, ಲ್ಯಾನ್ಯಾರ್ಡ್, ಗಿಡ್ಡ ಇರಬೇಕು, ಬಾಸ್ಕೆಟ್ ಬಿಟ್ಟು ಹೊರಗೆ ಹೋಗೋಕೇ ಆಗದಷ್ಟು ಗಿಡ್ಡ. ಕಂಪನಿಯವರು ಗುರುತು ಹಾಕಿರೋ ಆಂಕರ್‌ಗೇ (ಹಗ್ಗ ಸಿಕ್ಕಿಸೋ ಕೊಂಡಿ) ಸಿಕ್ಕಿಸಬೇಕು, ರೇಲಿಂಗ್‌ಗಲ್ಲ, ಪಕ್ಕದ ಕಟ್ಟಡದ ಪೈಪಿಗಂತೂ ಅಲ್ವೇ ಅಲ್ಲ, ಯಾಕಂದ್ರೆ ಬಾಸ್ಕೆಟ್ ಸರಿದ್ರೆ ಆ ಹಗ್ಗವೇ ಮನುಷ್ಯನ್ನ ಹೊರಗೆ ಎಳೆಯತ್ತೆ. ಉದ್ದದ ಹಗ್ಗ ಹಾಕ್ಕೊಂಡು ಹೊರಗೆ ಬಿದ್ದು ನೇತಾಡೋ ಸ್ಥಿತಿ ಬಂದ್ರೆ ಅದೂ ಸಣ್ಣ ವಿಷಯ ಅಲ್ಲ, ಅಲುಗದೇ ನೇತಾಡ್ತಿದ್ರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತಿ ಪ್ರಜ್ಞೆ ಹೋಗತ್ತೆ, ಜೀವಕ್ಕೂ ಅಪಾಯ ಬರತ್ತೆ. ಹಾರ್ನೆಸ್ ಹಿಡ್ಕೊಂಡಿದೆ ಅಂತ ನೆಮ್ಮದಿಯಿಂದ ಕೂರೋ ಹಾಗಿಲ್ಲ, ಬೇಗ ಇಳಿಸಬೇಕು. ಮತ್ತೆ ಅದೇ ಕೆಳಗಿನವರು.

ಸಿಸರ್ ಲಿಫ್ಟ್ ಕತೆ ಬೇರೆ. ಅದು ನೆಟ್ಟಗೆ ಏರೋದ್ರಿಂದ ಈ ಎಗರೋ ಅಪಾಯ ಕಮ್ಮಿ, ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ ಅದನ್ನ ಸ್ಕ್ಯಾಫೋಲ್ಡ್ ಲೆಕ್ಕದಲ್ಲಿ ನೋಡ್ತಾರೆ, ರೇಲಿಂಗ್ ಸರಿಯಾಗಿದ್ರೆ ಅದೇ ರಕ್ಷಣೆ. ಆದ್ರೆ ಗೇಟ್ ತೆರೆದಿಟ್ಟು, ರೇಲಿಂಗ್ ಮೇಲೆ ಹತ್ತಿ, ಒಳಗೆ ಏಣಿನೋ ಬಕೆಟ್ಟೋ ಇಟ್ಟು ಒಂದಡಿ ಎತ್ತರ ಗಿಟ್ಟಿಸೋಕೆ ನೋಡಿದ್ರೆ ಆ ರಕ್ಷಣೆ ಅಲ್ಲಿಗೆ ಮುಗೀತು. ಇದಕ್ಕೂ ಮೇಲಿರೋರನ್ನ ಬೈಯೋ ಮುಂಚೆ ಒಂದು ಕೇಳಬೇಕು, 10 ಮೀಟರ್ ಕೆಲಸಕ್ಕೆ ಕೈ ಎಟುಕದ ಗಾಡಿ ತರಿಸಿದವರು ಯಾರು? ಯಾರೂ ಖುಷಿಗೆ ರೇಲಿಂಗ್ ಮೇಲೆ ಹತ್ತಲ್ಲ. ಕೆಲಸ ಎಟುಕ್ತಿಲ್ಲ, ಕೆಳಗಿನಿಂದ ಬೇಗ ಬೇಗ ಅಂತಿದಾರೆ, ಹತ್ತುತ್ತಾರೆ.

ನೆಲದ ವಿಷಯ. ಮೇಲಿಂದ ಗಟ್ಟಿ ಕಾಣೋ ನೆಲದ ಅಡಿ ಏನಿದೆ ಅನ್ನೋದು ಆಪರೇಟರ್‌ಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ. ಮೊನ್ನೆ ಮೊನ್ನೆ ಮುಚ್ಚಿದ ಪೈಪ್‌ಲೈನ್ ಗುಂಡಿ, ಮ್ಯಾನ್‌ಹೋಲ್ ಮುಚ್ಚಳ, ಬೇಸ್‌ಮೆಂಟಿನ ಸ್ಲ್ಯಾಬ್, ಮಳೆಗೆ ಮೆತ್ತಗಾದ ಅಂಚು. ಬೂಮ್ ಒಂದು ಮೂಲೆ ಕಡೆ ಚಾಚಿದಾಗ ಹಲವು ಟನ್ ತೂಕದ ಯಂತ್ರದ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಭಾರ ಒಂದೇ ಚಕ್ರದ ಮೇಲೆ ಬೀಳಬಹುದು, ಗರಿಷ್ಠ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರ್ತಾರೆ, ಆ ಒಂದು ಅಂಕಿ ತಗೊಂಡು ಸ್ಲ್ಯಾಬ್ ತಡೆಯತ್ತಾ ಅಂತ ಎಂಜಿನಿಯರ್ ಹತ್ರ ಕೇಳಬೇಕು. ಸಿಸರ್ ಲಿಫ್ಟ್ ಏರಿದಾಗ ಅಡಿಯಲ್ಲಿ ಪಾಟ್‌ಹೋಲ್ ಗಾರ್ಡ್ ಅಂತ ಒಂದು ಪಟ್ಟಿ ಇಳಿಯತ್ತೆ, ಚಕ್ರ ಗುಂಡಿಗೆ ಬಿದ್ರೂ ಅದು ನೆಲಕ್ಕೆ ತಾಗಿ ಮಗುಚದಂತೆ ತಡೀಲಿ ಅಂತ. ಚಕ್ರದ ಸುತ್ತ ಕಸ, ಮರದ ತುಂಡು ಬಿದ್ದಿದ್ರೆ ಅದು ಪೂರ್ತಿ ಇಳಿಯಲ್ಲ. ಇನ್ನು ವಾಲಿದ್ರೆ ಕೂಗೋ ಟಿಲ್ಟ್ ಅಲಾರಂ ತುಂಬಾ ಕೂಗತ್ತೆ ಅಂತ ವೈರ್ ಕಿತ್ತಿಡೋದು, ಫುಟ್ ಸ್ವಿಚ್‌ಗೆ ಟೇಪ್ ಸುತ್ತೋದು, ಇಂಥದ್ದು ಕಂಡ್ರೆ ಆ ಯಂತ್ರ ಆ ಕ್ಷಣವೇ ಸೈಟಿಂದ ಹೊರಗೆ ಹೋಗಬೇಕು, ಇದರಲ್ಲಿ ರಿಯಾಯಿತಿ ಮಾತೇ ಬೇಡ.

ಗಾಳಿ ಬಗ್ಗೆ ಜನರ ಅಂದಾಜು ತುಂಬಾ ತಪ್ಪಿರತ್ತೆ, ಯಾಕಂದ್ರೆ ಗಾಳಿಯ ವೇಗ ಎರಡು ಪಟ್ಟಾದ್ರೆ ಅದರ ಒತ್ತಡ ನಾಲ್ಕು ಪಟ್ಟು. ಹೊರಗೆ ಬಳಸೋ ಬಹುಪಾಲು ಯಂತ್ರಗಳ ಮಿತಿ ಸೆಕೆಂಡಿಗೆ 12.5 ಮೀಟರ್, ಅಂದ್ರೆ ಗಂಟೆಗೆ 45 ಕಿಲೋಮೀಟರ್. ಬರೀ ಒಳಾಂಗಣಕ್ಕೆ ಅಂತ ಮಾಡಿದ ಸಿಸರ್ ಲಿಫ್ಟ್‌ಗೆ ಈ ಮಿತಿ ಸೊನ್ನೆ, ಅದನ್ನ ಹೊರಗೆ ಎತ್ತೋ ಹಾಗೇ ಇಲ್ಲ. ಸೆಕೆಂಡಿಗೆ 12.5 ಮೀಟರ್ ಗಾಳಿ ಒಂದು ಚದರ ಮೀಟರ್ ಮೇಲೆ ಹತ್ತಿರ ಹತ್ತಿರ 100 ನ್ಯೂಟನ್ ಒತ್ತತ್ತೆ. ಈಗ ಎಂಟಡಿ ನಾಲ್ಕಡಿ ಪ್ಲೈವುಡ್ ಶೀಟ್ ಒಂದನ್ನ ಬಾಸ್ಕೆಟ್‌ನಲ್ಲಿ ಎತ್ತಿ ಹಿಡಿದ್ರೆ 30 ಕೆಜಿ ಪಕ್ಕಕ್ಕೆ ತಳ್ಳಿದಷ್ಟು ಬಲ, ಅದೂ ಬೂಮ್ ತುದಿಯಲ್ಲಿ. ಬ್ಯಾನರ್ ಕಟ್ಟಿದ್ರೂ ಅಷ್ಟೇ, ರೇಲಿಂಗ್‌ಗೆ ಬಿಸಿಲಿಗೆ ಅಂತ ಶೀಟ್ ಸುತ್ತಿದ್ರೂ ಅಷ್ಟೇ. ನೆಲದಲ್ಲಿ ತಣ್ಣಗೆ ಬೀಸೋ ಗಾಳಿ 20 ಮೀಟರ್ ಮೇಲೆ, ಅದರಲ್ಲೂ ಎರಡು ಕಟ್ಟಡದ ಸಂದಿಯಲ್ಲಿ ಎಷ್ಟು ಜೋರಿರತ್ತೆ ಅಂತ ಕೆಳಗೆ ನಿಂತು ತಿಳಿಯಲ್ಲ, ಅದಕ್ಕೆ ಗಾಳಿ ಅಳೆಯೋ ಸಣ್ಣ ಮೀಟರ್ ಬಾಸ್ಕೆಟ್‌ನಲ್ಲೇ ಇರಬೇಕು.

2010ರ ಅಕ್ಟೋಬರ್ 27ರಂದು ಅಮೆರಿಕದ ನಾಟ್ರೆ ಡೇಮ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಪ್ರಾಕ್ಟೀಸ್ ವಿಡಿಯೋ ತೆಗೀತಿದ್ದ 20 ವರ್ಷದ ವಿದ್ಯಾರ್ಥಿ ಸಿಸರ್ ಲಿಫ್ಟ್ ಮಗುಚಿ ತೀರಿಹೋದ. ಸುಮಾರು 12 ಮೀಟರ್ ಎತ್ತರದಲ್ಲಿದ್ದ, ಗಂಟೆಗೆ 85 ಕಿಲೋಮೀಟರ್ ಹತ್ತಿರದ ಗಾಳಿ ಬೀಸಿತ್ತು. ಭಯ ಆಗ್ತಿದೆ ಅಂತ ಆ ಹುಡುಗ ಅದೇ ದಿನ ಆನ್‌ಲೈನಲ್ಲಿ ಬರೆದಿದ್ದ. ತನಿಖೆ ಮಾಡಿದ ಇಂಡಿಯಾನಾ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ದಂಡ ಹಾಕ್ತು, ತರಬೇತಿ ಸರಿಯಾಗಿ ಕೊಟ್ಟಿರಲಿಲ್ಲ ಅನ್ನೋದೂ ಅದರಲ್ಲಿ ಒಂದು ಆರೋಪ. ನನ್ನನ್ನ ಈ ಪ್ರಕರಣ ಬಿಡದೇ ಕಾಡೋದು ಯಾಕೆ ಅಂದ್ರೆ ಅಪಾಯ ಇದೆ ಅನ್ನೋದು ಮೇಲಿದ್ದವನಿಗೆ ಗೊತ್ತಿತ್ತು. ಇವತ್ತು ಬೇಡ, ಇಳಿ ಅಂತ ಹೇಳೋ ಅಧಿಕಾರ ಇದ್ದವರು ನೆಲದ ಮೇಲಿದ್ರು, ಹೇಳಲಿಲ್ಲ. ಮೇಲಿರೋರು ಸಾಕು ಇಳೀತೀನಿ ಅಂದ್ರೆ ಕೆಲಸ ಹೋಗಲ್ಲ ಅನ್ನೋ ಭರವಸೆ ಇಲ್ಲದ ಕಡೆ ಯಾವ ಗಾಳಿ ಮೀಟರ್ ತಂದಿಟ್ರೂ ಉಪಯೋಗ ಇಲ್ಲ.

ಕರೆಂಟ್ ವಿಷಯದಲ್ಲಿ ಮಾತ್ರ ಕೆಳಗಿನವರ ಕರ್ತವ್ಯ ಪೂರ್ತಿ ಉಲ್ಟಾ, ಅದಕ್ಕೇ ಇದನ್ನ ಬೇರೆಯಾಗಿ ಕಲಿಸಬೇಕು. ಸೈಟಲ್ಲಿ ಬಳಸೋ ಸಾಮಾನ್ಯ ಬೂಮ್ ಲಿಫ್ಟ್ ಇನ್ಸುಲೇಟ್ ಆಗಿರಲ್ಲ, ರಬ್ಬರ್ ಟೈರ್ ಇದೆ ಅಲ್ವಾ ಅನ್ನೋ ಧೈರ್ಯ ಸುಳ್ಳು ಧೈರ್ಯ. ತಂತಿ ಮುಟ್ಟಲೇ ಬೇಕು ಅಂತನೂ ಇಲ್ಲ, ಹೆಚ್ಚು ವೋಲ್ಟೇಜ್ ಇದ್ರೆ ಹತ್ತಿರ ಹೋದ್ರೇ ಹಾರತ್ತೆ. ಓಶಾ ಪ್ರಕಾರ 50 ಕಿಲೋವೋಲ್ಟ್‌ವರೆಗಿನ ಲೈನಿಂದ ಕಮ್ಮಿ ಅಂದ್ರೆ 10 ಅಡಿ ದೂರ, ಅದಕ್ಕಿಂತ ಹೆಚ್ಚಾದ್ರೆ ಇನ್ನೂ ದೂರ, ಬೂಮ್ ಬಳುಕೋದು ತಂತಿ ತೂಗೋದು ಎಲ್ಲಾ ಲೆಕ್ಕಕ್ಕೆ ತಗೊಂಡೇ ಅಷ್ಟು ಉಳೀಬೇಕು. ಬೂಮ್ ತಂತಿಗೆ ತಾಗಿಬಿಡ್ತು ಅಂದ್ರೆ ಕೆಳಗಿನವರು ಓಡಿ ಬಂದು ಗ್ರೌಂಡ್ ಕಂಟ್ರೋಲ್ ಮುಟ್ಟಿದ್ರೆ ಅವರೂ ಹೋಗ್ತಾರೆ, ಒಬ್ಬರನ್ನ ಉಳಿಸೋಕೆ ಹೋಗಿ ಇಬ್ಬರು ಸಾಯೋದು ಹೀಗೇ. ಆಗ ಮಾಡಬೇಕಾದ್ದು ದೂರ ನಿಲ್ಲೋದು, ಬೇರೆ ಯಾರನ್ನೂ ಹತ್ರ ಬಿಡದೇ ಇರೋದು, ಮೇಲಿರೋರಿಗೆ ಬಾಸ್ಕೆಟ್ ಬಿಡಬೇಡಿ ಅಂತ ಕೂಗಿ ಹೇಳೋದು, ವಿದ್ಯುತ್ ಕಂಪನಿಗೆ ಫೋನ್ ಮಾಡಿ ಲೈನ್ ಆಫ್ ಆಗಿರೋದನ್ನ ಅವರಿಂದಲೇ ಖಾತ್ರಿ ಮಾಡ್ಕೊಳ್ಳೋದು. ಹೃದಯ ಗಟ್ಟಿ ಮಾಡ್ಕೊಂಡು ಸುಮ್ಮನೆ ನಿಲ್ಲೋದನ್ನ ಮೊದಲೇ ಹೇಳಿಕೊಟ್ಟಿರದಿದ್ರೆ ಆ ಹೊತ್ತಲ್ಲಿ ಯಾರಿಗೂ ಆಗಲ್ಲ.

ಓಡಿಸೋದರಲ್ಲೂ ಒಂದು ಮೋಸ ಇದೆ. ಬೂಮ್ ಲಿಫ್ಟ್‌ನ ಟರೆಟ್ ಅರ್ಧ ಸುತ್ತು ತಿರುಗಿದಾಗ ಬಾಸ್ಕೆಟ್‌ನಲ್ಲಿ ನಿಂತವರಿಗೆ ಮುಂದೆ ಕಾಣೋದು ಯಂತ್ರಕ್ಕೆ ಹಿಂದೆ, ಜಾಯ್‌ಸ್ಟಿಕ್ ಮುಂದಕ್ಕೆ ತಳ್ಳಿದ್ರೆ ಗಾಡಿ ತಮ್ಮ ಬೆನ್ನ ಕಡೆ ಹೋಗತ್ತೆ, ಸ್ಟೀರಿಂಗೂ ಉಲ್ಟಾ. ಇದಕ್ಕೆ ಅಂತಲೇ ಚಾಸಿ ಮೇಲೂ ಪ್ಯಾನೆಲ್ ಮೇಲೂ ಬಣ್ಣದ ಬಾಣದ ಗುರುತು ಹಾಕಿರ್ತಾರೆ, ಓಡಿಸೋ ಮುಂಚೆ ಬಾಣಕ್ಕೆ ಬಾಣ ಹೊಂದಿಸಿ ನೋಡಬೇಕು. ಬಣ್ಣ ಮಾಸಿ ಹೋಗಿರೋ, ಪೇಂಟ್ ಸ್ಪ್ರೇ ಬಿದ್ದು ಮುಚ್ಚಿಹೋಗಿರೋ ಗಾಡಿ ಬಾಡಿಗೆಗೆ ಬಂದ್ರೆ ವಾಪಸ್ ಕಳಿಸಿ.

ನಿಯಮಗಳು ಈ ವಿಷಯದಲ್ಲಿ ನಿಧಾನವಾಗಿ ಸರಿ ದಾರಿಗೆ ಬರ್ತಿವೆ. 2020ರ ಜೂನ್‌ನಲ್ಲಿ ಜಾರಿಗೆ ಬಂದ ಅಮೆರಿಕದ ಎ92 ಮಾನದಂಡಗಳು ಆಪರೇಟರ್ ಒಬ್ಬರಿಗೇ ಅಲ್ಲ ಸೂಪರ್‌ವೈಸರ್‌ಗೂ ತರಬೇತಿ ಬೇಕು ಅಂತವೆ, ಮೇಲೆ ಸಿಕ್ಕಿದವರನ್ನ ಇಳಿಸೋ ರಕ್ಷಣಾ ಯೋಜನೆ ಬರಹದಲ್ಲಿ ಇರಬೇಕು ಅಂತವೆ, ಬಾಸ್ಕೆಟ್‌ನಲ್ಲಿ ಜೊತೆಗೆ ಹೋಗೋರಿಗೂ ಆಪರೇಟರ್ ಕುಸಿದು ಬಿದ್ರೆ ಇಳಿಯೋದು ಹೇಗೆ ಅಂತ ಗೊತ್ತಿರಬೇಕು ಅಂತವೆ. ಐಪಾಫ್ ತರಬೇತಿ ಮುಗಿಸಿದ ಆಪರೇಟರ್‌ಗೆ ಕೊಡೋ ಪಾಲ್ ಕಾರ್ಡ್‌ಗೆ ಐದು ವರ್ಷದ ಅವಧಿ, ಸಿಸರ್‌ಗೆ ಬೂಮ್‌ಗೆ ಬೇರೆ ಬೇರೆ ವಿಭಾಗ. ಆದ್ರೆ ಕಾರ್ಡ್ ಹೇಳೋದು ಇವರಿಗೆ ಈ ಜಾತಿಯ ಯಂತ್ರ ನಡೆಸೋಕೆ ಬರತ್ತೆ ಅಂತ, ಇವತ್ತು ಮುಂದೆ ನಿಂತಿರೋ ಇದೇ ಮಾಡೆಲ್‌ನ ಎಮರ್ಜೆನ್ಸಿ ಪಂಪ್ ಸ್ವಿಚ್ ಎಲ್ಲಿದೆ ಅಂತ ಅದು ಹೇಳಲ್ಲ. ಒಂದು ಕಂಪನಿಯದು ಪ್ಯಾನೆಲ್ ಮುಚ್ಚಳದ ಒಳಗೆ, ಇನ್ನೊಂದರದು ಹೊರಗೆ, ಮತ್ತೊಂದರಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಮಾಡೆಲ್ ಬದಲಾದಾಗಲೆಲ್ಲ ಪರಿಚಯ ಹೊಸದಾಗಿ ಆಗಬೇಕು, ಮೇಲೆ ಹೋಗೋರಿಗೂ ಕೆಳಗೆ ನಿಲ್ಲೋರಿಗೂ.

ಇಷ್ಟಕ್ಕೆಲ್ಲ ಬರೋ ಉತ್ತರ ನನಗೆ ಗೊತ್ತು, ಸುಮ್ಮನೆ ನಿಲ್ಲೋಕೆ ಒಬ್ಬರಿಗೆ ಕೂಲಿ ಕೊಡೋದಾ ಅಂತ. ಅವರು ಸುಮ್ಮನೆ ನಿಂತಿಲ್ಲ. ಅಡಿಯಲ್ಲಿ ನಡೆದು ಹೋಗೋರನ್ನ ತಡೀತಾರೆ, ಫೋರ್ಕ್‌ಲಿಫ್ಟ್ ಬಂದ್ರೆ ನಿಲ್ಲಿಸ್ತಾರೆ, ಚಕ್ರದ ದಾರಿ ನೋಡ್ತಾರೆ, ತಲೆ ಮೇಲಿನ ತೊಲೆ ಹತ್ರ ಬಂತು ಅಂತ ಕೂಗ್ತಾರೆ. ಹಲವಾರು ಯಂತ್ರ ಒಟ್ಟಿಗೆ ನಡೆಯೋ ದೊಡ್ಡ ಗೋದಾಮಲ್ಲಿ ಅಕ್ಕಪಕ್ಕದ ಎರಡು ಮೂರಕ್ಕೆ ಒಬ್ಬರು ಅಂತ ಮಾಡಬಹುದು, ಎಲ್ಲವೂ ಅವರ ಕಣ್ಣಳತೆಯಲ್ಲಿದ್ರೆ, ಓಡಿ ಮುಟ್ಟೋಷ್ಟು ದೂರದಲ್ಲಿದ್ರೆ. ಅದಕ್ಕಿಂತ ಹೆಚ್ಚು ಹಿಗ್ಗಿಸಿದ್ರೆ ಆ ಹೆಸರು ಪರ್ಮಿಟ್ ಕಾಗದದಲ್ಲಿ ಮಾತ್ರ ಇರತ್ತೆ.

ಬೆಳಗ್ಗೆ ಚೆಕ್‌ಲಿಸ್ಟ್ ತುಂಬುವಾಗ ಟೈರ್, ಎಣ್ಣೆ ಸೋರಿಕೆ, ರೇಲಿಂಗ್, ಗೇಟ್ ಎಲ್ಲಾ ನೋಡ್ತಾರೆ, ಎಮರ್ಜೆನ್ಸಿ ಇಳಿಸೋದನ್ನ ಮಾತ್ರ ಟಿಕ್ ಹಾಕಿ ಮುಂದೆ ಹೋಗ್ತಾರೆ. ನನ್ನ ಒತ್ತಾಯ ಇಷ್ಟೇ, ಖಾಲಿ ಬಾಸ್ಕೆಟ್ಟನ್ನ ಎರಡು ಮೀಟರ್ ಎತ್ತಿ, ಆ ದಿನ ಕೆಳಗೆ ನಿಲ್ಲಬೇಕಾದವರ ಕೈಲೇ, ಯಾರೂ ಬಾಯಲ್ಲಿ ಹೇಳಿಕೊಡದೇ, ಕೀ ತಿರುಗಿಸೋದರಿಂದ ಹಿಡಿದು ನೆಲಕ್ಕೆ ತಾಗೋವರೆಗೂ ಒಂದು ಸಲ ಇಳಿಸಿ ನೋಡಿಸಿ. ಆಮೇಲೆ ಎಂಜಿನ್ ಆಫ್ ಮಾಡಿ ಸಹಾಯಕ ಪಂಪ್‌ನಿಂದ ಇನ್ನೊಂದು ಸಲ. ತಡವರಿಸಿದ್ರೆ ಮತ್ತೆ ಕಲಿಸಿ ಮತ್ತೆ ಮಾಡಿಸಿ, ಬಂದಿಲ್ಲ ಅಂದ್ರೆ ಬರೋರು ಸಿಗೋವರೆಗೂ ಬಾಸ್ಕೆಟ್ ಕೆಳಗೇ ಇರ್ಲಿ.